ಅರ್ಥವಿಲ್ಲದ ಗಾಡಿಯನ್ನು ಗುಜರಿಗೆ ಹಾಕದಿರುವ ಕುರಿತು

ಇಂದ,
ಸಿದ್ದಗಂಗಮ್ಮ, ಬಿ.ಎ. (ಕನ್ನಡ ಐಚ್ಛಿಕ),
ತಮ್ಮದೇ ಮನೆಯ ನಡುಕೋಣೆ,
ಶೆಟ್ಟಿಹಳ್ಳಿ, ತುಮಕೂರು.

ಗೆ,
ಶ್ರೀ ಮಲ್ಲಿಕಾರ್ಜುನ್ ಅವರು,
ಅಧೀಕ್ಷಕರು (ಕಚೇರಿಯಲ್ಲಿ),
ಯಜಮಾನರು ಹಾಗೂ ಅರ್ಜಿದಾರಳ ಒಬ್ಬನೇ ಮಗ (ಮನೆಯಲ್ಲಿ),
ಅದೇ ವಿಳಾಸ.

ಮೂಲಕ: ಊಟದ ಮೇಜು, ಸಾರಿನ ಪಾತ್ರೆಯ ಕೆಳಗೆ.

ವಿಷಯ: ಅಂಗಳದಲ್ಲಿರುವ ಬದನೆಕಾಯಿ ಬಣ್ಣದ ಮೋಟಾರ್ ಸೈಕಲ್ಲಿಗೆ ಅರ್ಥವಿಲ್ಲವೆಂಬ ಕಾರಣ ನೀಡಿ, ಅದನ್ನು ಇಂದು ಸಂಜೆ ಗುಜರಿಗೆ ಹಾಕುವಂತೆ ಹೊರಡಿಸಿರುವ ಆದೇಶವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
೧. ತಮ್ಮ ಮೌಖಿಕ ಆದೇಶ, ಕಳೆದ ಭಾನುವಾರ, ಮಜ್ಜಿಗೆ ಅನ್ನದ ಹಂತದಲ್ಲಿ.
೨. ಕುಣಿಗಲ್ಲಿನ ಗ್ಯಾರೇಜು ಮಾಲೀಕರಾದ ಶ್ರೀ ನಾಗಭೂಷಣ್ ಅವರ ದೂರವಾಣಿ ಕರೆ, ಬುಧವಾರ.
೩. ಸದರಿ ಕರೆಯನ್ನು ಆಧರಿಸಿ ತಾವು ಅದೇ ದಿನ ಹೊರಡಿಸಿದ ಅಂತಿಮ ಆದೇಶ.
೪. ಇಂದು ಬೆಳಿಗ್ಗೆ ದೂರವಾಣಿಯಲ್ಲಿ ತಾವು ನೀಡಿದ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಇಂದು ತಾವು ಕಚೇರಿಗೆ ತೆರಳಿದ ನಂತರ ಮನೆಯಲ್ಲಿ ಒಂದು ಮುಖ್ಯ ಸಂಗತಿ ಜರುಗಿದ್ದು, ಅದನ್ನು ತಿಳಿಸಲು ನಾನು ಫೋನು ಮಾಡಿದಾಗ ತಾವು "ಮೀಟಿಂಗಲ್ಲಿದೀನಮ್ಮ, ಏನಿದ್ರೂ ರೈಟಿಂಗಲ್ಲಿ ಕೊಡು" ಎಂದು ಹೇಳಿ ಕರೆ ಕಡಿದಿರುತ್ತೀರಿ. ಮೀಟಿಂಗಿನ ನಡುವೆಯೂ ತಾಯಿಯ ಕರೆ ಎತ್ತಿದ್ದಕ್ಕೆ ವಂದನೆಗಳು. ಸೂಚನೆಯನ್ನು ಪಾಲಿಸಿ ರೈಟಿಂಗಿನಲ್ಲಿ ಕೊಡುತ್ತಿದ್ದೇನೆ.

೧. ಸದರಿ ಗಾಡಿಯು ಮೂಲತಃ ಊರ್ಡಿಗೆರೆಯ ಹಾಲಿನ ಬೀರಯ್ಯನವರದ್ದು. ಎರಡೂ ಬದಿಗೆ ಕ್ಯಾನು ತೂಗಿಹಾಕಿಕೊಂಡು ಅವರು ನಮ್ಮ ಬೀದಿಗೆ ಬರುತ್ತಿದ್ದುದನ್ನು ತಾವೂ ಬಲ್ಲಿರಿ. ಲಗೇಜ್ ಆಟೋ ತೆಗೆದುಕೊಂಡ ಮೇಲೆ ಅವರು ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿದ್ದರು. ತಮ್ಮ ಮಗಳೂ ನನ್ನ ಮೊಮ್ಮಗಳೂ ಆದ ಕುಮಾರಿ ಸಿಂಚನಾ, ಡಿಪ್ಲೊಮಾ (ಮೆಕ್ಯಾನಿಕಲ್), ಬೀರಯ್ಯನವರ ಹಾಲು ಕರೆಯುವ ಯಂತ್ರವನ್ನು ರಿಪೇರಿ ಮಾಡಿಕೊಟ್ಟಾಗ ಅವರು, "ಆ ಗಾಡಿ ತಗೊಂಡೋಗವ್ವ, ಅದ್ರ ಮ್ಯಾಲೆ ಕೋಳಿ ಮೊಟ್ಟೆ ಇಕ್ತಾವೆ ಅಷ್ಟೇಯ" ಎಂದು ದಾಖಲೆಪತ್ರಗಳ ಸಮೇತ ಹಸ್ತಾಂತರಿಸಿದರು. ಹಸ್ತಾಂತರಕ್ಕೆ ಮೊದಲು ಸೀಟಿನ ಮೇಲಿದ್ದ ಮೊಟ್ಟೆಗಳನ್ನು ಎತ್ತಿಟ್ಟು, ಹೆಗಲ ಮೇಲಿನ ಟವಲಿನಿಂದ ಸೀಟನ್ನು ಒರೆಸಿಯೇ ಕೊಟ್ಟರು ಎಂಬುದನ್ನು ಇಲ್ಲಿ ದಾಖಲಿಸಲು ಇಚ್ಛಿಸುತ್ತೇನೆ.

೨. ನಂತರ ಸಿಂಚನಾ ಗಾಡಿಯನ್ನು ಪೂರ್ತಿ ಬಿಚ್ಚಿ, ತನಗೆ ಬೇಕಾದ ಹಾಗೆ ಹೊಸದಾಗಿ ಕಟ್ಟತೊಡಗಿದಳು. ಹ್ಯಾಂಡಲ್ಲು ಅಗಲವಾಯಿತು. ಫ್ರೇಮು, ಅಂದರೆ ಗಾಡಿಯ ಅಸ್ಥಿಪಂಜರ, ಹಿರೇಹಳ್ಳಿಯ ಒಂದು ವರ್ಕ್‌ಶಾಪಿಗೆ ಹೋಗಿ ಬಂದಿತು. ಅಲ್ಲಿ ಬಣ್ಣದ ಪುಡಿಯನ್ನು ಎರಚಿ ಒಲೆಯಲ್ಲಿಟ್ಟು ಬೇಯಿಸುತ್ತಾರಂತೆ. ಈ ಬಣ್ಣವನ್ನು ಉಗುರಿನಿಂದ ಕೆರೆದರೂ ಬರುವುದಿಲ್ಲ ಎಂದು ಸಿಂಚನಾ ನನ್ನ ಕೈಯಲ್ಲೇ ಕೆರೆಸಿ ತೋರಿಸಿದಳು. ಬರಲಿಲ್ಲ. ಆಗ ನಾವಿಬ್ಬರೂ ಬಹಳ ಸಂತೋಷಪಟ್ಟೆವು.

೩. ಈ ಹಂತದಲ್ಲಿ ಅರ್ಜಿದಾರಳು ತನ್ನ ಸ್ವಹಿತಾಸಕ್ತಿಯನ್ನು ಘೋಷಿಸುವುದು ನ್ಯಾಯ. ಗುಬ್ಬಿಯಲ್ಲಿರುವ ನನ್ನ ತಂಗಿ ಕಲ್ಲಮ್ಮನನ್ನು ನೋಡಲು ಕೊನೆಯ ಬಾರಿ ಬಸ್ಸಿನಲ್ಲಿ ಹೋದಾಗ, ಇಳಿಯುವಲ್ಲಿ ಮೆಟ್ಟಿಲು ನೆಲದಿಂದ ಬಹಳ ಮೇಲಿತ್ತು. ನನ್ನ ಮಂಡಿ ಒಪ್ಪಲಿಲ್ಲ. ಕಂಡಕ್ಟರು ಸೀಟಿ ಹೊಡೆಯದೆ ಕಾದರು. ಪರಿಚಯವೇ ಇಲ್ಲದ ಇಬ್ಬರು ಕಾಲೇಜು ಹುಡುಗಿಯರು ನನ್ನನ್ನು ಎರಡೂ ಕಡೆ ಹಿಡಿದು ಎತ್ತಿ ಇಳಿಸಿದರು. ಜೋಪಾನವಾಗಿಯೇ ಇಳಿಸಿದರು, ರಾಗಿ ಮೂಟೆಯಂತೆ. ಆಮೇಲೆ ನಾನು ಗುಬ್ಬಿಗೆ ಹೋಗಲಿಲ್ಲ. ಯಾಕೆ ಹೋಗುತ್ತಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ದಿನ ಜೊತೆಗಿದ್ದವಳು ಸಿಂಚನಾ. ಗಾಡಿ ಕಟ್ಟುವಾಗ ಹಿಂದಿನ ಸೀಟು ಎಷ್ಟು ಎತ್ತರ ಇರಬೇಕೆಂದು ಅವಳೂ ಯಾರನ್ನೂ ಕೇಳಲಿಲ್ಲ. ಅಡುಗೆಮನೆಗೆ ಬಂದು, ನಾನು ಸೊಪ್ಪು ಸೋಸಲು ಕೂರುವ ಸ್ಟೂಲನ್ನು ಟೇಪು ಹಿಡಿದು ಅಳೆದುಕೊಂಡು ಹೋದಳು. ಕಾಲಿಡಲು ಅಗಲವಾದ ಹಲಗೆಯನ್ನೂ, ಹಿಡಿಯಲು ಒಂದು ಕಂಬಿಯನ್ನೂ ಕೂಡಿಸಿದಳು. ಆದ್ದರಿಂದ ಈ ಅರ್ಜಿಯನ್ನು ನಿಷ್ಪಕ್ಷಪಾತ ಅರ್ಜಿಯೆಂದು ಪರಿಗಣಿಸಬಾರದೆಂದು ಕೋರುತ್ತೇನೆ.

೪. ಇನ್ನು ಶ್ರೀ ನಾಗಭೂಷಣ್ ಅವರ ವಿಚಾರ. ಡಿಪ್ಲೊಮಾದ ಕೊನೆಯಲ್ಲಿ ಸಿಂಚನಾ ತರಬೇತಿಗೆ ಹೋಗಿದ್ದು ಕುಣಿಗಲ್ಲಿನ ಇವರ ಗ್ಯಾರೇಜಿಗೆ. ಹಳೆಯ ಗಾಡಿಗಳನ್ನು ಬೇರೆ ರೂಪದಲ್ಲಿ ಕಟ್ಟಿಕೊಡುವುದು ಅಲ್ಲಿನ ಕೆಲಸ. ಇವಳಿಗೆ ಅಲ್ಲಿ ನೌಕರಿ ಕೊಡಲು ಅವರು ಒಪ್ಪಿದ್ದು, ಷರತ್ತು ಒಂದೇ: "ನೀನೇ ಕಟ್ಟಿದ ಗಾಡೀಲಿ, ನೀನೇ ಓಡಿಸ್ಕೊಂಡ್ ಬಾ. ಬಸ್ಸಲ್ಲಿ ಬಂದ್ರೆ ಟೀ ಕುಡ್ಸಿ ವಾಪಸ್ ಕಳಿಸ್ತೀನಿ." ತಮಗಾದರೋ ಮಗಳು ಪರೀಕ್ಷೆ ಬರೆದು ತಮ್ಮಂತೆಯೇ ಕಚೇರಿ ಸೇರಲಿ ಎಂಬ ಅಭಿಲಾಷೆ. ಆ ಅಭಿಲಾಷೆ ಕೆಟ್ಟದ್ದೆಂದು ಅರ್ಜಿದಾರಳು ಎಲ್ಲೂ ಹೇಳಿರುವುದಿಲ್ಲ.

೫. ಗಾಡಿ ಜೋಡಣೆಯಾಯಿತು. ದೀಪ ಹತ್ತಿತು. ಹಾರನ್ ಬೀದಿಯ ಕೊನೆಯವರೆಗೂ ಕೇಳಿಸಿತು. ಇಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲು ಬರುತ್ತಿದೆ, ಅದನ್ನು ಹೊತ್ತಿಸುವ ಕಿಡಿ ಬರುತ್ತಿಲ್ಲ ಎಂದು ಸಿಂಚನಾ ವರದಿ ಮಾಡಿದಳು. ಮೆಕ್ಯಾನಿಕ್ಕುಗಳು ಇದನ್ನು "ಕರೆಂಟ್ ಬರ್ತಿಲ್ಲ" ಎನ್ನುತ್ತಾರೆ. ಅವಳು ಹಾಗೆ ಹೇಳಿದಾಗ ತಮ್ಮ ಧರ್ಮಪತ್ನಿಯವರು ಒಳಗಿನಿಂದ "ಫ್ಯಾನ್ ತಿರುಗ್ತಾ ಇದೆಯಲ್ಲೇ" ಎಂದು ಉತ್ತರಿಸಿದ್ದು ತಮಗೆ ನೆನಪಿರಬಹುದು.

೬. ಕಿಡಿ ಯಾಕೆ ಬರುತ್ತಿಲ್ಲವೆಂದು ತಿಳಿಯಲು ಕೈಗೊಂಡ ಕ್ರಮಗಳು: ಪ್ಲಗ್ಗನ್ನು ಬದಲಾಯಿಸಲಾಯಿತು. ಅದರ ಮೇಲಿನ ಟೋಪಿಯನ್ನು, ಟೋಪಿಗೆ ಬರುವ ದಪ್ಪ ವೈರನ್ನು ಬದಲಾಯಿಸಲಾಯಿತು. ನಾಗಭೂಷಣ್ ಅವರು ಫೋನಿನಲ್ಲಿ ಮೊದಲು "ಕಂಡೆನ್ಸರ್ ಹೋಗಿದೆ, ಕಣ್ಮುಚ್ಕೊಂಡ್ ಹೇಳ್ತೀನಿ" ಎಂದರು. ಅದನ್ನೂ ಬದಲಾಯಿಸಿ ಫಲವಿಲ್ಲವಾದಾಗ "ಹಂಗಾದ್ರೆ ಕಾಯಿಲೇ, ಬರೆದಿಟ್ಕೊ" ಎಂದರು. ಅದೂ ಆಗಿರಲಿಲ್ಲ. ಇಂಜಿನ್ನಿನ ಬದಿಯಲ್ಲಿ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುಟಿಗಳಿದ್ದು, ಅವುಗಳ ನಡುವೆ ಗಟ್ಟಿ ಕಾಗದ ತೂರಿಸಿ ಉಜ್ಜಬೇಕಿತ್ತು. ಮನೆಯಲ್ಲಿ ಅಷ್ಟು ಗಟ್ಟಿಯಾದ ಕಾಗದ ಬೇರೆ ಇಲ್ಲದ ಕಾರಣ ತಮ್ಮ ವಿಸಿಟಿಂಗ್ ಕಾರ್ಡನ್ನು ಬಳಸಲಾಗಿರುತ್ತದೆ. ಅಂಗಳದ ಬಿಸಿಲಿನಲ್ಲಿ ಕಿಡಿ ಬಂದರೂ ಕಾಣುವುದಿಲ್ಲವಾದ್ದರಿಂದ, ಬಿಚ್ಚಿದ ಪ್ಲಗ್ಗನ್ನು ಇಂಜಿನ್ನಿಗೆ ತಾಗಿಸಿಟ್ಟು, ಅದರ ಮೇಲೆ ನನ್ನ ಕರೀ ಕೊಡೆಯನ್ನು ಬಗ್ಗಿಸಿ ಹಿಡಿಯುವುದು ನನ್ನ ಕರ್ತವ್ಯವಾಗಿತ್ತು. ಸಿಂಚನಾ ಕಿಕ್ ಹೊಡೆಯುವಳು, ನಾನು ಕೊಡೆಯೊಳಗೆ ಇಣುಕುವೆನು.

"ಕಾಣ್ತಾ ಅಜ್ಜಿ?"

"ಇಲ್ಲ ಕಣೇ."

"ಈಗ?"

"ಒಂದು ಇರುವೆ ಹೋಗ್ತಾ ಇದೆ."

ಇದು ದಿನವೂ ನಡೆದಿರುತ್ತದೆ.

೭. ಹೀಗಿರುವಾಗ ಉಲ್ಲೇಖ (೧)ರಂತೆ ತಾವು ಭಾನುವಾರ ಊಟಕ್ಕೆ ಕುಳಿತಾಗ, "ಅಂಗಳದಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಶನಿವಾರದೊಳ್ಗೆ ಅದು ಸ್ಟಾರ್ಟ್ ಆಗ್ಬೇಕು. ಇಲ್ಲ ಅಂದ್ರೆ ಗುಜರಿಗೆ. ಸೋಮವಾರದಿಂದ ನೀನು ಕೋಚಿಂಗ್‌ಗೆ" ಎಂದು ಆದೇಶಿಸಿದಿರಿ.

"ಸ್ಟಾರ್ಟ್ ಆದ್ರೆ?" ಎಂದು ಸಿಂಚನಾ ಕೇಳಿದಳು.

"ಆದ್ರೆ ಕುಣಿಗಲ್‌ಗೆ ಹೋಗು. ನಾನ್ಯಾಕೆ ಬೇಡ ಅನ್ಲಿ?"

"ಬರ್ಕೊಡ್ತೀರಾಪ್ಪ?"

"ಏನ್ಲೇ, ನಂಗೇ ರೂಲ್ಸ್ ಹೇಳ್ತೀಯಾ?" ಎಂದು ತಾವು ನಕ್ಕಿದ್ದನ್ನು ಅರ್ಜಿದಾರಳು ಕಂಡಿರುತ್ತಾಳೆ.

೮. ಈಗ ಪ್ರಕರಣದ ಮುಖ್ಯಭಾಗ. ಬುಧವಾರ ಸಿಂಚನಾ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ಬಡಿದುಕೊಂಡಿತು. ನಾನೇ ತೆಗೆದೆ.

"ಅಜ್ಜಿ, ನಾನು ಕುಣಿಗಲ್ಲಿಂದ ನಾಗಭೂಷಣ್. ಸಿಂಚನಾ ಇಲ್ವಾ?"

"ಸ್ನಾನಕ್ಕೆ ಹೋಗವ್ಳೆ ಕಣಪ್ಪ. ಏನಾದ್ರೂ ಹೇಳ್ಬೇಕಾ?"

"ಒಂದೇ ಮಾತು ಹೇಳ್ಬುಡಿ. ಆ ಗಾಡಿಗೆ ಅರ್ಥ್ ಇಲ್ಲ ಅನ್ನಿ. ಅವ್ಳಿಗೆ ಗೊತ್ತಾಯ್ತದೆ."

"ಅಷ್ಟೇನಾ?"

"ಅಷ್ಟೇ ಅಜ್ಜಿ. ಅರ್ಥ್ ಇಲ್ದಿದ್ ಮ್ಯಾಲೆ ಎಷ್ಟ್ ಕಿಕ್ ಹೊಡುದ್ರೂ ಅಷ್ಟೇಯ."

ಹಿಂದುಗಡೆ ಯಾವುದೋ ಗಾಡಿ ಗರ್ಜಿಸುತ್ತಿತ್ತು. ಆದರೂ "ಊಟ ಆಯ್ತಾ ಅಜ್ಜಿ?" ಎಂದು ವಿಚಾರಿಸಿಯೇ ಅವರು ಫೋನಿಟ್ಟರು.

೯. ನಮ್ಮ ಕಡೆಯ ಆಡುಮಾತಿನಲ್ಲಿ ಪದದ ಕೊನೆಯ ಸ್ವರವನ್ನು ನುಂಗುವುದು ರೂಢಿ ಎಂದು ತಮಗೆ ತಿಳಿದೇ ಇದೆ. 'ಅರ್ಥ' ಮತ್ತು 'ಇಲ್ಲ' ಸೇರುವಾಗ ನಾಗಭೂಷಣ್ ಅವರ ಬಾಯಲ್ಲಿ ಲೋಪಸಂಧಿಯಾಗಿದೆ ಎಂದು ಭಾವಿಸಿದ ನಾನು, ಬಿ.ಎ.ಯಲ್ಲಿ ಕಲಿತ ಪ್ರಕಾರ ಲೋಪವಾಗಿದ್ದ ಸ್ವರವನ್ನು ಮರಳಿಸಿ, ವಕಾರ ಆಗಮ ಮಾಡಿ, ಮಧ್ಯಾಹ್ನ ತಮ್ಮೆಲ್ಲರ ಸಮಕ್ಷಮದಲ್ಲಿ ಸಂದೇಶವನ್ನು ಶುದ್ಧ ರೂಪದಲ್ಲಿ ತಲುಪಿಸಿದೆ: "ಆ ಗಾಡಿಗೆ ಅರ್ಥವಿಲ್ಲವಂತೆ ಕಣಮ್ಮ. ಎಷ್ಟು ಒದ್ದರೂ ಅಷ್ಟೇ ಅಂದ."

೧೦. ಸಿಂಚನಾ ತಟ್ಟೆಯಿಂದ ಕೈ ತೆಗೆದಳು. "ಅಂಕಲ್ ಹಂಗಂದ್ರಾ?" ಎಂದಳು. ಅವಳು ಗುರುವೆಂದು ಒಪ್ಪಿದ್ದು ಅವರೊಬ್ಬರನ್ನೇ. ತಾವು "ನೋಡು, ಮೆಕ್ಯಾನಿಕ್ಕೇ ಹೇಳವ್ನೆ. ಇನ್ನೇನ್ ಕಾಯೋದು, ಗುಜರಿಯವ್ನಿಗೆ ಇವತ್ತೇ ಫೋನ್ ಮಾಡ್ತೀನಿ. ಶನಿವಾರ ಸಂಜೆ ಟೆಂಪೋ ತರ್ಲಿ" ಎಂದಿರಿ. ಅವಳು ವಾದ ಮಾಡಬಹುದೆಂದು ನಾವೆಲ್ಲ ಕಾದೆವು. ತಾವೂ ಕಾದಿರಿ. ಅವಳು "ಹಾಕ್ಬಿಡಿಪ್ಪ" ಎಂದು ಕೈ ತೊಳೆಯಲು ಎದ್ದು ಹೋದಳು. ಮರಳಿ ಕುಣಿಗಲ್ಲಿಗೆ ಫೋನೂ ಮಾಡಲಿಲ್ಲ. ಸ್ಪ್ಯಾನರುಗಳನ್ನೆಲ್ಲ ತೊಳೆದು, ಎಣ್ಣೆ ಒರೆಸಿ, ಹಳೇ ದಿಂಬಿನ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಅಟ್ಟದಿಂದ ಇಳಿಯುವಾಗ ಪರೀಕ್ಷೆಯ ಗೈಡೊಂದನ್ನು ತಂದಳು. ಆ ಮೇಲೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದೆವು.

೧೧. ಗುರುವಾರ ಮಧ್ಯಾಹ್ನ ಮಳೆ ಬಂದಾಗ ತಾವು ಊಟಕ್ಕೆಂದು ಮನೆಯಲ್ಲಿದ್ದಿರಿ. ಯಾರೂ ನೋಡುತ್ತಿಲ್ಲವೆಂದು ಭಾವಿಸಿ ಅಂಗಳಕ್ಕಿಳಿದು, ಸದರಿ ಗಾಡಿಗೆ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟಿರಿ. ಅಡುಗೆಮನೆಯ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಗುಜರಿಗೆ ಹೋಗುವ ವಸ್ತುವನ್ನು ಮಳೆಯಿಂದ ಕಾಪಾಡಬೇಕೆಂಬ ನಿಯಮ ತಮ್ಮ ಕಚೇರಿಯಲ್ಲೂ ಇದ್ದಂತಿಲ್ಲ. ಈ ಅರ್ಜಿಯನ್ನು ಬರೆಯುವ ಧೈರ್ಯ ನನಗೆ ಬಂದದ್ದು ಈ ಅಂಶದಿಂದ.

೧೨. ಇಂದು ಬೆಳಿಗ್ಗೆ ಸಿಂಚನಾ ನನ್ನ ಪಕ್ಕ ಕುಳಿತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಸಂಜೆ ಟೆಂಪೋ ಬರುವ ದಿನವಾದ್ದರಿಂದ ನಾನು ಸಮಾಧಾನದ ಮಾತನ್ನಾಡಿದೆ.

"ನಾಗಭೂಷಣ್ ಮೇಲೆ ಕೋಪ ಮಾಡ್ಕೋಬೇಡ ಕಣೇ. ಮನಸ್ಸು ಒಳ್ಳೇದು ಅವ್ನದು. ಮಾತು ಒರಟು ಅಷ್ಟೇ. 'ಅರ್ಥ' ಅನ್ನೋಕೂ ಬಾಯಿ ತಿರುಗಲ್ಲ, 'ಅರ್ಥ್ ಇಲ್ಲ, ಅರ್ಥ್ ಇಲ್ಲ' ಅಂತಾನೆ."

ಚಾಕು ನಿಂತಿತು.

"ಏನಂದೆ ಅಜ್ಜಿ? ಇನ್ನೊಂದ್ಸಲ ಹೇಳು. ಅವ್ರು ಹೆಂಗಂದ್ರೋ ಹಂಗೇ ಹೇಳು. ತಿದ್ದಬೇಡ."

"ಗಾಡಿಗೆ ಅರ್ಥ್ ಇಲ್ಲ."

"ಅಯ್ಯೋ ಅಜ್ಜೀ! ಅದು ನಿನ್ನ ಅರ್ಥ ಅಲ್ಲ ಕಣಜ್ಜಿ! ಅರ್ಥ್! ಇಂಗ್ಲಿಷಿಂದು! ಅರ್ಥಿಂಗು!"

"ಭೂಮಿನಾ?"

"ಭೂಮಿನೇ!"

ಎನ್ನುತ್ತ ಅವಳು ಹುರುಳಿಕಾಯಿಯ ತಟ್ಟೆಯನ್ನು ದಾಟಿ ಅಟ್ಟ ಹತ್ತಿದಳು.

೧೩. ಸಿಂಚನಾ ಮೇಲಿನಿಂದಲೇ ಕೂಗಿ ಹೇಳಿದ್ದನ್ನು ನಾನು ತಿಳಿದುಕೊಂಡ ಮಟ್ಟಿಗೆ ನಿವೇದಿಸುತ್ತೇನೆ. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೇ ಮರಳಬೇಕು. ಮರಳುವ ದಾರಿ ಇಂಜಿನ್ನಿನ ಮೈ, ಅಲ್ಲಿಂದ ಫ್ರೇಮಿನ ಕಬ್ಬಿಣ. ಈ ದಾರಿಗೇ ಮೆಕ್ಯಾನಿಕ್ಕುಗಳು 'ಅರ್ಥ್' ಎನ್ನುವುದು. ಆದರೆ ಇಂಜಿನ್ ಕೂರುವ ಜಾಗಗಳಿಗೂ ನಮ್ಮ ಬದನೆಕಾಯಿ ಬಣ್ಣ ಬೆಂದು ಕೂತಿದೆ. ಬಣ್ಣದೊಳಗೆ ಕರೆಂಟು ನುಗ್ಗದು. ದೀಪಕ್ಕೂ ಹಾರನ್ನಿಗೂ ಬೇರೆ ದಾರಿಯಿದ್ದ ಕಾರಣ ಅವು ಕೆಲಸ ಮಾಡಿ ನಮ್ಮನ್ನು ಏಮಾರಿಸಿದವು. "ಕಬ್ಬಿಣಕ್ಕೆ ಸಿಪ್ಪೆ ಸುತ್ತಿಬಿಟ್ಟಿದೀವಿ ಅಜ್ಜಿ, ಸಿಪ್ಪೆ!" ಎಂದಳು. ಆದ್ದರಿಂದ ದೋಷವು ಪ್ಲಗ್ಗಿನದ್ದಲ್ಲ, ಕಾಯಿಲಿನದ್ದಲ್ಲ, ನಾಗಭೂಷಣ್ ಅವರ ಉಚ್ಚಾರಣೆಯದ್ದಂತೂ ಅಲ್ಲ.

೧೪. ಟಾರ್ಪಾಲು ತೆಗೆದು, ಬೋಲ್ಟು ಬಿಚ್ಚಿ, ಉಗುರಿಗೆ ಬಾರದ ಆ ಬಣ್ಣವನ್ನು ಸಿಂಚನಾ ಅರದಿಂದ ಉಜ್ಜಿ ತೆಗೆದಳು. ಒಳಗಿಂದ ಹೊಸ ಚಮಚದಂತೆ ಕಬ್ಬಿಣ ಹೊಳೆಯಿತು. ಇಂಜಿನ್ನಿನಿಂದ ಬ್ಯಾಟರಿಗೆ ಒಂದು ವೈರನ್ನೂ ಬಿಗಿದಳು. ನಾನು ವಿಭೂತಿ ತಂದೆ. "ಟ್ಯಾಂಕಿನ ಮೇಲೆ ಹಚ್ಚಜ್ಜಿ, ವೈರ್ ಮೇಲೆ ಮಾತ್ರ ಬೇಡ, ದಮ್ಮಯ್ಯ" ಎಂದಳು. ಸೂಚನೆಯಂತೆ ಟ್ಯಾಂಕಿಗೆ ಮಾತ್ರ ಹಚ್ಚಲಾಯಿತು. ನಂತರ ನಾನು ಕೊಡೆ ಹಿಡಿದು ಕರ್ತವ್ಯಕ್ಕೆ ಹಾಜರಾದೆ. ಅವಳು ಕಿಕ್ ಹೊಡೆದಳು.

ಮಾನ್ಯರೇ, ಕಿಡಿ ನೀಲಿಯಾಗಿರುತ್ತದೆ. ಸಾಸಿವೆಯಷ್ಟೇ ಇರುತ್ತದೆ, ಒಗ್ಗರಣೆಯ ಸಾಸಿವೆಯಂತೆಯೇ ಟಿಕ್ಕೆಂದು ಸಿಡಿಯುತ್ತದೆ. ನಾನು ಕೊಡೆಯೊಳಗಿಂದ ತಲೆ ಎತ್ತದಿದ್ದುದನ್ನು ಕಂಡು ಅವಳು "ಇರುವೆನಾ ಅಜ್ಜಿ?" ಎಂದು ಕೇಳಿದಳು. ನಾನು ಕೊಡೆಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ಕೈಯಿಂದ ಕಿಕ್ ಅದುಮಲು ಹೇಳಿದೆ. ಅವಳೂ ನೋಡಿದಳು. ಆ ಮೇಲೆ ನಾವಿಬ್ಬರೂ ಕೊಡೆಯೊಳಗೇ ಸ್ವಲ್ಪ ಹೊತ್ತು ಇದ್ದೆವು.

ಪ್ಲಗ್ಗನ್ನು ಅದರ ಸ್ಥಾನಕ್ಕೆ ಹಾಕಿದ ನಂತರ ಇಂಜಿನ್ ಸ್ಟಾರ್ಟ್ ಆಗಿರುತ್ತದೆ.

೧೫. ಕುಣಿಗಲ್ಲಿಗೆ ಫೋನು ಮಾಡಲಾಗಿ ನಾಗಭೂಷಣ್ ಅವರು, "ಬುಧವಾರಾನೇ ಹೇಳಿದ್ನಲ್ಲ! ಇಷ್ಟೊತ್ಗೆ ಗಾಡಿ ಓಡಾಡ್ತಾ ಐತೆ ಅಂದ್ಕೊಂಡಿದ್ದೆ" ಎಂದರು. ಸಿಂಚನಾ ಕಾರಣ ಹೇಳಲಿಲ್ಲ. "ಮೆಸೇಜು ಲೇಟಾಗಿ ತಲುಪ್ತು ಅಂಕಲ್" ಎಂದಷ್ಟೇ ಹೇಳಿ ನನ್ನ ಕಡೆ ನೋಡದೆ ನಕ್ಕಳು. ಇದನ್ನು ನಾನು ಮರೆಯುವುದಿಲ್ಲ.

ಮೇಲ್ಕಂಡ ಎಲ್ಲ ಕಾರಣಗಳಿಂದ, ಉಲ್ಲೇಖ (೩)ರ ಆದೇಶವು ಅರ್ಜಿದಾರಳ ಸಂಧಿಕಾರ್ಯವನ್ನು ಮಾತ್ರ ಆಧರಿಸಿದ್ದು, ಆ ಸಂಧಿಯೇ ತಪ್ಪಾದ ಕಾರಣ ಆದೇಶವೂ ಊರ್ಜಿತವಲ್ಲ. ಶನಿವಾರ ಇನ್ನೂ ಮುಗಿದಿಲ್ಲವಾದ್ದರಿಂದ ಉಲ್ಲೇಖ (೧)ರ ಷರತ್ತು ಪೂರೈಸಲ್ಪಟ್ಟಿರುತ್ತದೆ. ಆದ್ದರಿಂದ ತಾವು ದಯಮಾಡಿ,

ಅ) ಗುಜರಿ ಆದೇಶವನ್ನು ಹಿಂಪಡೆಯಬೇಕು. ಟೆಂಪೋದವರು ಅಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಸರಿಯಲ್ಲವಾದ್ದರಿಂದ, ತಾವು ವ್ಯಾಯಾಮಕ್ಕೆಂದು ತಂದು ಟವಲು ಒಣಹಾಕಲು ಬಳಸುತ್ತಿರುವ ಸೈಕಲ್ಲನ್ನು ಬದಲಿಯಾಗಿ ನೀಡಬಹುದು.

ಆ) ಸೋಮವಾರ ಸಿಂಚನಾ ಕುಣಿಗಲ್ಲಿಗೆ ಸದರಿ ಗಾಡಿಯಲ್ಲಿ ಹೋಗಿ ಕೆಲಸಕ್ಕೆ ಸೇರಲು ಅನುಮತಿ ನೀಡಬೇಕು. ತಾವು ಹೂಂ ಅನ್ನದೆ ಅವಳು ಹೋಗುವುದಿಲ್ಲ. ಅದನ್ನು ಅವಳು ತಮಗೆ ಹೇಳುವುದೂ ಇಲ್ಲ. ಆದ್ದರಿಂದ ನಾನು ಹೇಳುತ್ತಿದ್ದೇನೆ.

ಇ) ಈ ಅರ್ಜಿಯನ್ನು ತಾವು ಓದುವ ವೇಳೆಗೆ ಅರ್ಜಿದಾರಳು ಸದರಿ ಗಾಡಿಯ ಹಿಂದಿನ ಸೀಟಿನಲ್ಲಿ ಗುಬ್ಬಿಯ ದಾರಿಯಲ್ಲಿರುತ್ತಾಳೆ. ಪೂರ್ವಾನುಮತಿ ಪಡೆಯಲು ಯತ್ನಿಸಿದಾಗ ತಾವು ಮೀಟಿಂಗಿನಲ್ಲಿದ್ದ ಕಾರಣ, ಈ ಪ್ರಯಾಣಕ್ಕೆ ಘಟನೋತ್ತರ ಮಂಜೂರಾತಿ ನೀಡಬೇಕು. ಹೆಲ್ಮೆಟ್ ಧರಿಸಿದ್ದೇನೆ. ತುರುಬನ್ನು ಕೆಳಗಿಳಿಸಿ ಕಟ್ಟಿದ್ದು ಸಿಂಚನಾ.

ಅನ್ನ ಕುಕ್ಕರಿನಲ್ಲಿದೆ. ಸಾರು ಬಿಸಿ ಮಾಡಿಕೊಳ್ಳಬೇಕು. ಪಲ್ಯ ಇರುವುದಿಲ್ಲ, ಕಾರಣಕ್ಕೆ ಕಲಂ ೧೨ನ್ನು ನೋಡುವುದು.

ತಮ್ಮನ್ನು ಹೆತ್ತ ತಪ್ಪಿಗೂ ಪುಣ್ಯಕ್ಕೂ 'ತಾವು' ಎಂದು ಬರೆಯುತ್ತಿರುವ
ತಮ್ಮ ವಿಶ್ವಾಸಿ,
ಸಿದ್ದಗಂಗಮ್ಮ

ಸ್ಥಳ: ಶೆಟ್ಟಿಹಳ್ಳಿ (ಹೊರಡುವ ಅವಸರದಲ್ಲಿ)
ದಿನ: ಶನಿವಾರ

ಲಗತ್ತುಗಳು:
೧. ಉಜ್ಜಿ ತೆಗೆದ ಬದನೆಕಾಯಿ ಬಣ್ಣದ ಪುಡಿ, ಒಂದು ಪೊಟ್ಟಣ. (ಮಸಾಲೆಯಲ್ಲ.)
೨. ತಮ್ಮ ವಿಸಿಟಿಂಗ್ ಕಾರ್ಡು, ಹಿಂದಿರುಗಿಸಲಾಗಿದೆ. ಹೆಸರಿನ ಮೇಲೆ ಮಸಿ ಹತ್ತಿದೆ, ಹುದ್ದೆ ಓದಲು ಬರುತ್ತದೆ.
೩. ಅರ್ಧ ಹೆಚ್ಚಿದ ಹುರುಳಿಕಾಯಿ, ತಮ್ಮ ಧರ್ಮಪತ್ನಿಯವರ ಮುಂದಿನ ಕ್ರಮಕ್ಕಾಗಿ.

ವಿ.ಸೂ.: ಸಂಜೆ ನಾವು ಮರಳುವಾಗ ಗೇಟಿನ ಒಂದೇ ಬಾಗಿಲು ತೆಗೆದಿದ್ದರೆ ಗಾಡಿಯ ಹ್ಯಾಂಡಲ್ಲು ಒಳಗೆ ಹಿಡಿಯುವುದಿಲ್ಲ. ಇನ್ನೊಂದರ ಚಿಲಕ ಬಹಳ ಬಿಗಿ. ಅದನ್ನು ಸಿಂಚನಾಳೇ ಇಳಿದು ತೆಗೆಯಬೇಕಾದರೆ ಇಂಜಿನ್ ಆಫ್ ಮಾಡಬೇಕಾಗುತ್ತದೆ. ಆಫ್ ಮಾಡಲು ಅವಳಿಗೆ ಇನ್ನೂ ಮನಸ್ಸಿಲ್ಲ. ಕಾರಣ, ತಾವೇ ಬಂದು ಎರಡೂ ಬಾಗಿಲನ್ನು ತೆಗೆದು ನಿಂತಿರಬೇಕಾಗಿ ವಿನಂತಿ.